ಎಲೆಯ ಮುಂದೆ ಗೌರೀಶಂಕರ

ಗೌರೀಶಂಕರನ ಉದ್ಯೋಗ ಊಟ ಮಾಡುವುದು. ತಮಾಷೆಗೆ ಹೇಳುವ ಮಾತಲ್ಲ ಇದು. ಅವನ ಊರು ಪುತ್ತೂರಿನ ಹತ್ತಿರದ ಕೆದಂಬಾಡಿ. ಅಲ್ಲಿಂದ ಹಿಡಿದು ಅತ್ತ ಕಡಬದ ಕೋಡಿಂಬಾಳ, ಇತ್ತ ಸುಳ್ಯದ ಆಲೆಟ್ಟಿಯವರೆಗೆ ಯಾರ ಮನೆಯಲ್ಲಿ ತಿಥಿ ಇದ್ದರೂ ಬ್ರಾಹ್ಮಣಾರ್ಥಕ್ಕೆ ಕೂರಲು ಅವನಿಗೇ ಹೇಳಿಕೆ ಬರುತ್ತಿತ್ತು. ತಿಥಿಯೆಂದರೆ ಸತ್ತವರ ವರ್ಷದ ಶ್ರಾದ್ಧ. ಅದಕ್ಕೆ ಎರಡು ಎಲೆ ಹಾಕುತ್ತಾರೆ. ದೇವರ ಸ್ಥಾನದ ಎಲೆಯ ಮುಂದೆ ನಾನು, ತಿರುಮಲೇಶ್ವರ. ಪಿತೃಸ್ಥಾನದ ಎಲೆಯ ಮುಂದೆ ಅವನು. ಆ ಹೊತ್ತಿಗೆ ಆ ಎಲೆಯ ಮುಂದೆ ಕೂತವನೇ ಆ ಮನೆಯ ಸತ್ತುಹೋದ ಅಪ್ಪ, ಅಜ್ಜ, ಅಮ್ಮ. ಅವನು ಉಂಡದ್ದು ಅವರಿಗೆ ಸಂದಿತು ಎಂದು ನಂಬಿಕೆ.

ನನ್ನನ್ನು ಕರೆಯುತ್ತಿದ್ದದ್ದು ಜೋಡಿಗೆ. ಅವನನ್ನು ಕರೆಯುತ್ತಿದ್ದದ್ದು ಅವನು ಉಣ್ಣುವ ಚಂದಕ್ಕೆ. ಎಲೆಯ ಮೇಲೆ ಬಿದ್ದ ಯಾವುದನ್ನೂ ಅವನು ಅಸಡ್ಡೆ ಮಾಡಿದವನಲ್ಲ. ಹಾಗಲಕಾಯಿಗೂ ಮರ್ಯಾದೆ, ಪಾಯಸಕ್ಕೂ ಮರ್ಯಾದೆ. ಕೋಡಿಂಬಾಳದ ಒಬ್ಬರು ಅಮ್ಮ ಒಳಬಾಗಿಲಲ್ಲಿ ನಿಂತು ನೋಡಿ, "ನಮ್ಮವರೂ ಹೀಗೇ ಪಾಯಸಕ್ಕೆ ಬಾಳೆಹಣ್ಣು ಹಿಸುಕಿ ಉಣ್ತಾ ಇದ್ದದ್ದು" ಎಂದು ಸೆರಗಿನಿಂದ ಕಣ್ಣೊರಸಿಕೊಂಡದ್ದನ್ನು ನಾನೇ ಕಂಡಿದ್ದೇನೆ. ನಾನೂ ಅಷ್ಟೇ ಉಣ್ಣುತ್ತೇನೆ. ಆದರೆ ಎಷ್ಟು ಉಂಡರೂ ಕೊಕ್ಕೆ ಕಟ್ಟಿದ ಕೋಲಿನ ಹಾಗೇ ಇದ್ದೇನೆ. ನನ್ನನ್ನು ನೋಡಿ ಯಾರಿಗೂ ಅವರ ಅಪ್ಪನ ನೆನಪು ಬಂದದ್ದಿಲ್ಲ.

ಹೊರಗಿನವರಿಗೆ ಇದು ಸುಖದ ಕೆಲಸ ಎಂದು ಕಾಣುತ್ತದೆ. ಕೂತು ನೋಡಲಿ ಒಂದು ದಿನ. ಹಿಂದಿನ ರಾತ್ರಿ ಊಟ ಇಲ್ಲ. ಮರುದಿನ ಮಂತ್ರವೆಲ್ಲ ಮುಗಿದು ಎಲೆ ಹಾಕುವಾಗ ಹೊತ್ತು ನೆತ್ತಿ ದಾಟಿರುತ್ತದೆ. ಎಲೆಯ ಮುಂದೆ ಕೂತ ಮೇಲೆ ಮಾತಾಡುವಂತಿಲ್ಲ. ರುಚಿ ಉಂಟು ಎನ್ನುವಂತಿಲ್ಲ, ಉಪ್ಪಿಲ್ಲ ಎನ್ನುವಂತಿಲ್ಲ, ಸಾಕು ಎನ್ನುವಂತೆಯೂ ಇಲ್ಲ. ಬೇಡವಾದರೆ ಎಲೆಗೆ ಕೈ ಅಡ್ಡ ಹಿಡಿಯಬಹುದು. ಕೈ ಅಡ್ಡ ಹಿಡಿದರೆ ಕೈಯ ಮೇಲೆಯೇ ಬಡಿಸುವವರು ನಮ್ಮವರು. ಕೊನೆಗೆ ಮನೆಯ ಯಜಮಾನ ಕೈಮುಗಿದು ಸಂಸ್ಕೃತದಲ್ಲಿ ಕೇಳುತ್ತಾನೆ, ತೃಪ್ತರಾದಿರಾ ಎಂದು. ತೃಪ್ತರಾದೆವು ಎಂದು ನಾವು ಹೇಳಬೇಕು. ಹೇಳದೆ ಆ ಮನೆಯವರು ಯಾರೂ ಉಣ್ಣುವಂತಿಲ್ಲ.

ಉಂಡು ಬಂದ ಸಂಜೆ ನನ್ನ ಹಳೆಯ ಓಮ್ನಿಯಲ್ಲಿ ಅವನನ್ನು ಮನೆಗೆ ಬಿಡುತ್ತಿದ್ದೆ. ಅವನ ಹೆಂಡತಿ ಸತ್ಯವತಿ ಜಗಲಿಯಲ್ಲಿ ಕಾಯುತ್ತಿದ್ದಳು. ಕಾಲು ತೊಳೆಯುವ ಮೊದಲೇ ಅವಳ ಪ್ರಶ್ನೆ: "ಎಂತೆಲ್ಲ ಇತ್ತು?"

ಅವನು ಹೇಳುತ್ತಿದ್ದ. ಎಲೆಯ ತುದಿಯ ಉಪ್ಪಿನಿಂದ ಶುರುಮಾಡಿ, ಬಡಿಸಿದ ಕ್ರಮದಲ್ಲೇ. ಮಜ್ಜಿಗೆಹುಳಿಯಂಥ ಮೇಲಾರಕ್ಕೆ ಕಾಯಿ ಎಷ್ಟು ನುಣ್ಣಗೆ ಅರೆದಿದ್ದರು, ವಡೆ ಒಳಗೆ ಬೆಂದಿತ್ತೋ ಇಲ್ಲವೋ, ಕರಿದ ಸಿಹಿ ಉಂಡೆ ಸುಟ್ಟೇವಿಗೆ ಏಲಕ್ಕಿ ಬಿದ್ದಿತ್ತೋ. ಸತ್ಯವತಿ ಒಳ್ಳೆಯ ಅಡಿಗೆಯವಳು. ನಡುವೆ ಬಾಯಿ ಹಾಕಿ, "ಹಾಗಾದ್ರೆ ಅವ್ರು ಬೆಲ್ಲ ಮೊದ್ಲೇ ಹಾಕಿದ್ದು" ಎಂದು ತೀರ್ಪು ಕೊಡುತ್ತಿದ್ದಳು. ಮೊದಮೊದಲು ನನಗಿದು ಹೆಂಗಸರ ಕುತೂಹಲ ಎಂದು ಕಂಡಿತ್ತು. ಆಮೇಲೆ ಅವಳ ಎರಡು ಕಿಡ್ನಿಯೂ ಸೋತವು, ಪುತ್ತೂರಿನಲ್ಲಿ ವಾರಕ್ಕೆ ಎರಡು ಸಲ ಡಯಾಲಿಸಿಸ್ ಶುರುವಾಯಿತು. ಬಾಳೆಹಣ್ಣು ಬೇಡ, ಎಳನೀರು ಬೇಡ, ಬೇಳೆ ಬೇಡ, ಬೆಲ್ಲ ಬೇಡ, ತರಕಾರಿ ಬೇಯಿಸಿ ನೀರು ಚೆಲ್ಲಿ ತಿನ್ನಬೇಕು ಎಂದರು. ಕುಡಿಯುವ ನೀರನ್ನೂ ಬೆಳಗ್ಗೆಯೇ ಒಂದು ಚೊಂಬಿಗೆ ಅಳೆದಿಟ್ಟು ಸಂಜೆಯವರೆಗೆ ಅದರಲ್ಲೇ ಸುಧಾರಿಸಬೇಕು. ಆಮೇಲೂ ಅವಳು ಕೇಳುವುದನ್ನು ಬಿಡಲಿಲ್ಲ. ಅವಳು ಉಣ್ಣುತ್ತಿದ್ದದ್ದು ಅವನ ಬಾಯಿಯಿಂದ. ಇದು ನನಗೆ ಹೊಳೆದ ದಿನ ಓಮ್ನಿ ಸ್ಟಾರ್ಟ್ ಮಾಡಲು ಸ್ವಲ್ಪ ಹೊತ್ತು ಹಿಡಿಯಿತು.

ಕಿಡ್ನಿ ಬದಲಾಯಿಸಿದರೆ ಬದುಕು, ಇಲ್ಲದಿದ್ದರೆ ಹೆಚ್ಚು ಕಾಲ ಹೀಗೆ ಎಳೆಯಲಾಗದು ಎಂದು ಮಂಗಳೂರಿನ ಡಾಕ್ಟರು ಹೇಳಿದರು. ಕೊಡುವವರು ಯಾರು? ಅವಳ ತಮ್ಮ, ಆಲೆಟ್ಟಿಯ ವಿಷ್ಣುಪ್ರಸಾದನಿಗೆ ಸಕ್ಕರೆ ಕಾಯಿಲೆ. ಮಗಳು ತನ್ಮಯೀಯ ರಕ್ತ ಹೊಂದಲಿಲ್ಲ, ಹೊಂದಿದ್ದರೂ ತಾಯಿ ತೆಗೆದುಕೊಳ್ಳುತ್ತಿರಲಿಲ್ಲ. ಹೊಂದಿದ್ದು ಗೌರೀಶಂಕರನದ್ದು. ಅವನು ಅಲ್ಲೇ ಅಂಗಿ ಬಿಚ್ಚಲು ಹೊರಟನಂತೆ. ಡಾಕ್ಟರು ಅವನನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿದರು. ತೊಂಬತ್ತೆಂಟು. ಸಕ್ಕರೆಯೂ ಗಡಿಯಲ್ಲಿತ್ತು.

"ಇಷ್ಟು ತೂಕದವರನ್ನು ಕೊಯ್ದು ಕಿಡ್ನಿ ತೆಗೆಯಲಾಗದು. ಎಂಬತ್ತೈದಕ್ಕೆ ಇಳಿಸಿಕೊಂಡು ದೀಪಾವಳಿಯೊಳಗೆ ಬನ್ನಿ. ಅದು ದಾಟಿದರೆ ನಿಮ್ಮ ಹೆಂಡತಿಯ ದೇಹ ಶಸ್ತ್ರಚಿಕಿತ್ಸೆಗೆ ಒಗ್ಗುತ್ತದೆ ಎಂದು ನಾನು ಹೇಳಲಾರೆ" ಎಂದರು. ಆಗ ಬೇಸಿಗೆ.

ಹೆಂಡತಿಯ ಜೀವಕ್ಕೂ ತನಗೂ ನಡುವೆ ತನ್ನದೇ ಹೊಟ್ಟೆ ಅಡ್ಡ ನಿಂತಿದೆ ಎಂದು ಗೊತ್ತಾದ ಗಂಡಸಿನ ಮುಖ ಹೇಗಿರುತ್ತದೆ ಎಂದು ಆ ದಿನ ವಾಪಸು ಬರುವಾಗ ನೋಡಿದೆ. ಇನ್ನೊಮ್ಮೆ ನೋಡುವ ಆಸೆಯಿಲ್ಲ.

ದಾರಿ ಎರಡಿತ್ತು. ಒಂದು, ಪುತ್ತೂರಿನಲ್ಲಿ ಉಲ್ಲಾಸ್ ಎಂಬ ಸುಳ್ಯದ ಕಡೆಯ ಗೌಡರ ಹುಡುಗ ನಡೆಸುತ್ತಿದ್ದ ತೂಕ ಇಳಿಸುವ ಕ್ಲಬ್ಬು. ದುಡ್ಡು ಕಟ್ಟಿ ಸೇರಬೇಕು. ಬೆಳಗ್ಗೆ ಅವನು ಕೊಡುವ ಪುಡಿಯನ್ನು ನೀರಿನಲ್ಲಿ ಕಲಸಿ ಕುಡಿಯಬೇಕು, ತಿಂದದ್ದರ ಫೋಟೋ ವಾಟ್ಸಪ್ಪಿಗೆ ಹಾಕಬೇಕು, ವಾರಕ್ಕೊಮ್ಮೆ ಎಲ್ಲರೆದುರು ತೂಕ ನೋಡಿಸಬೇಕು. ಇಳಿದಿದ್ದರೆ ಚಪ್ಪಾಳೆ. ಇನ್ನೊಂದು ತನ್ಮಯೀ ಹೇಳಿದ್ದು. ಮೊಬೈಲಿನಲ್ಲಿ ಒಂದು ಆ್ಯಪ್ ಉಂಟು, ತಿಂದದ್ದನ್ನೆಲ್ಲ ಬರೆದರೆ ಎಷ್ಟು ಕ್ಯಾಲರಿ ಎಂದು ಅದೇ ಕೂಡಿಸುತ್ತದೆ, ದಿನಕ್ಕೆ ಇಷ್ಟು ಎಂದು ಮಿತಿ ಹಾಕಿ ಅದರೊಳಗೆ ನಿಲ್ಲಿಸಿದರಾಯಿತು. ಖರ್ಚಿಲ್ಲ.

"ಖರ್ಚಿಲ್ಲದ್ದಕ್ಕೆ ಬೆಲೆಯೂ ಇಲ್ಲ ಮಾರಾಯ. ದುಡ್ಡು ಕಟ್ಟಿದ್ರೆ ಅದರ ಸಂಕಟಕ್ಕಾದ್ರೂ ಬಾಯಿ ಕಟ್ತೀಯ" ಎಂದೆ ನಾನು.

"ಪಂಚಾಂಗ ನೋಡಿ ಗಳಿಗೆ, ವಿಗಳಿಗೆ ಲೆಕ್ಕ ಹಾಕುವವ ನಾನು. ಅನ್ನದ ಲೆಕ್ಕ ಹಾಕ್ಲಿಕ್ಕೆ ಒಬ್ಬನಿಗೆ ದುಡ್ಡು ಕೊಡುದಾ?" ಎಂದ ಅವನು. ಅಲ್ಲಿಗೆ ತೀರ್ಮಾನವಾಯಿತು.

ಅವನ ನಿಷ್ಠೆಯಲ್ಲಿ ಸಂಶಯವಿಲ್ಲ. ಕನ್ನಡಕ ಮೂಗಿಗೆ ಇಳಿಸಿ, ಒಂದು ಬೆರಳಿನಲ್ಲಿ ಕುಟ್ಟಿ ಕುಟ್ಟಿ ಬರೆದ. ಆ್ಯಪಿಗೆ ಮೇಲಾರ ಗೊತ್ತಿಲ್ಲ, ಸುಟ್ಟೇವು ಗೊತ್ತಿಲ್ಲ. ಅದಕ್ಕೆ ಗೊತ್ತಿದ್ದದ್ದು ಪಿಜ್ಜಾ. ತಾಯಿ ಮಗಳು ಸೇರಿ ಕಾಯಿ, ಬೆಲ್ಲ, ಎಣ್ಣೆ ಬಿಡಿಸಿ ಲೆಕ್ಕ ಹಾಕಿ ಕೊಟ್ಟರು. ತಿಥಿಯ ಮಧ್ಯಾಹ್ನದ್ದು ಹೇಗೂ ಮಿತಿ ಮೀರುತ್ತಿತ್ತು. ಅದನ್ನು ಸರಿದೂಗಿಸಲು ಉಳಿದ ಹೊತ್ತು ಕಟ್ಟುನಿಟ್ಟು. ಎರಡು ತಿಂಗಳು ಹೀಗೆ ನಡೆಯಿತು. ಆಮೇಲೆ ನಾವು ಮೊದಲ ಸಲ ತೂಕ ನೋಡಿದ್ದು ಕುಂಬ್ರದಲ್ಲಿ, ಅಡಕೆ ವ್ಯಾಪಾರದ ಅಬೂಬಕರ್ ಅವರ ಅಂಗಡಿಯ ದೊಡ್ಡ ತಕ್ಕಡಿಯಲ್ಲಿ.

"ಹತ್ತಿ ಭಟ್ರೇ. ಗೋಣಿಯ ತೂಕ ಕಳೆಯುದಾ?" ಎಂದು ಅವರು ಅವನ ಪಂಚೆ ತೋರಿಸಿ ಕೇಳಿದರು. ಆಮೇಲೆ ಕೆಂಪು ಅಂಕಿ ನೋಡಿ ನಗು ನಿಲ್ಲಿಸಿದರು. ತೊಂಬತ್ತೊಂಬತ್ತು. ಒಂದು ಕಿಲೋ ಏರಿತ್ತು.

ತನ್ಮಯೀ ಆ ಸಂಜೆ ಮೊಬೈಲು ಕೈಗೆ ತೆಗೆದುಕೊಂಡು ವಿಚಾರಣೆಗೆ ಕೂತಳು. ನಾನೂ ಅಲ್ಲಿದ್ದೆ.

"ಅಪ್ಪ, ಮೊನ್ನೆ ತಿಥಿ ಮುಗಿಸಿ ಬಂದ ರಾತ್ರಿ ಉಪವಾಸ ಅಂತ ಬರ್ದಿದ್ದೀರಿ."

"ಹೌದು. ತಿಥಿ ಉಂಡ ರಾತ್ರಿ ಊಟ ಮಾಡ್ಲಿಕ್ಕಿಲ್ಲ."

"ಅವಲಕ್ಕಿ ತಿಂದ್ರಲ್ಲ? ಕಾಯಿ, ಬೆಲ್ಲ ಹಾಕಿ, ಒಂದು ಬೋಗುಣಿ."

"ಅದು ಫಲಾಹಾರ."

"ಆಮೇಲೆ ನಾಲ್ಕು ಬಾಳೆಹಣ್ಣು."

"ಫಲ ಇಲ್ಲದೆ ಫಲಾಹಾರ ಹೇಗಾಗ್ತದೆ?"

"ಏಕಾದಶಿಗೆ ಎರಡು ಹೊತ್ತೂ ಸೊನ್ನೆ ಉಂಟು. ಸಜ್ಜಿಗೆ?"

ಗೌರೀಶಂಕರ ನನ್ನ ಮುಖ ನೋಡಿದ. ನಾನು ಅಂಗಳದ ಕಡೆ ನೋಡಿದೆ. ನಗಬೇಡಿ. ನಮ್ಮಲ್ಲಿ ಊಟ ಎಂದರೆ ಅನ್ನ. ಎಲೆಗೆ ಸುತ್ತು ನೀರು ಕಟ್ಟಿ, ಕೈಯಲ್ಲಿ ಆಪೋಶನ ತೆಗೆದುಕೊಂಡು ಉಂಡರೆ ಅದು ಊಟ. ಅದಿಲ್ಲದೆ ಬಾಯಿಗೆ ಹೋದದ್ದು ಯಾವುದೂ ಊಟವಲ್ಲ. ನಮ್ಮ ಅಜ್ಜಂದಿರು ಒಂದು ರಾಶಿ ಅವಲಕ್ಕಿಯ ಮುಂದೆ ಕೂತು ಉಪವಾಸ ಮಾಡಿದವರು. ಅವನು ಸುಳ್ಳು ಬರೆದಿರಲಿಲ್ಲ. ಅವನ ಮನಸ್ಸಿನಲ್ಲಿ ಅವನು ಹಸಿದೇ ಇದ್ದ. ದೇವಸ್ಥಾನದಲ್ಲಿ ಕೊಡುವ ಸಿಹಿ ಅಪ್ಪ, ಪಂಚಕಜ್ಜಾಯ ಇವನ್ನಂತೂ ಪ್ರಸಾದವೆಂದು ಲೆಕ್ಕಕ್ಕೇ ತಂದಿರಲಿಲ್ಲ. ಪ್ರಸಾದಕ್ಕೆ ಲೆಕ್ಕ ಹಾಕುವುದು ಪಾಪ ಎಂದುಕೊಂಡಿದ್ದೆ ಎಂದ. ಸತ್ಯವತಿ ಮಾತ್ರ ನಕ್ಕಳು. ನಗುತ್ತಾ ನಗುತ್ತಾ ಕೆಮ್ಮು ಬಂತು. ಚೊಂಬಿನಲ್ಲಿ ಆ ದಿನದ ನೀರು ಮುಗಿದಿತ್ತು. ಅವಳು ಬರೀ ಉಗುಳು ನುಂಗಿ ಕೆಮ್ಮು ನಿಲ್ಲಿಸಿಕೊಂಡಳು. ಆಮೇಲೆ ಯಾರೂ ನಗಲಿಲ್ಲ.

ಎರಡು ತಿಂಗಳು ವ್ಯರ್ಥವಾಗಿತ್ತು. ಹೆದರಿಕೆಯಲ್ಲಿ ಕ್ಲಬ್ಬಿಗೆ ದುಡ್ಡು ಕಟ್ಟಿದ್ದಾಯಿತು. ಉಲ್ಲಾಸ್ ಕೆಟ್ಟ ಹುಡುಗನಲ್ಲ. ಆದರೆ ಅವನ ಉತ್ಸಾಹ ನನಗೆ ತಲೆನೋವು. ಬೆಳಗಾದರೆ ಸಾಕು, ಗ್ರೂಪಿನಲ್ಲಿ ಸೂರ್ಯೋದಯದ ಚಿತ್ರ, ನೀವು ಗೆಲ್ಲುವಿರಿ ಎಂಬ ಬರಹ. ಗೌರೀಶಂಕರ ಪುಡಿ ಕುಡಿದ. ಸುಣ್ಣದ ನೀರಿಗೆ ಏಲಕ್ಕಿ ಹಾಕಿದ ಹಾಗಿದೆ ಎಂದ, ಆದರೂ ಕುಡಿದ. ಮೊದಲ ವಾರ ಇಳಿಯಿತು, ಚಪ್ಪಾಳೆ ಸಿಕ್ಕಿತು. ಎರಡನೆಯ ವಾರ ಮೂರು ತಿಥಿ ಬಂತು. ತಿಥಿಗೆ ಕೂರುವವನು ಅದಕ್ಕೆ ಮುಂಚೆ ಬಾಯಿಗೆ ಏನೂ ಹಾಕುವಂತಿಲ್ಲ, ಹಾಗಾಗಿ ಪುಡಿ ಇಲ್ಲ. ಮಧ್ಯಾಹ್ನ ಎಲೆ ತುಂಬ ಊಟ. ಊಟದ ಫೋಟೋ ಎಲ್ಲಿ ಎಂದು ಉಲ್ಲಾಸ್ ಕೇಳಿದ. ಪಿತೃಗಳ ಎಲೆಗೆ ಮೊಬೈಲು ಹಿಡಿಯುವುದುಂಟೇ? ಹೋಗಲಿ, ಅರ್ಧ ಮಾತ್ರ ಉಣ್ಣಿ ಎಂದ. ಗೌರೀಶಂಕರ ಪ್ರಯತ್ನಪಟ್ಟ. ಕೆದಂಬಾಡಿಯ ಒಂದು ಮನೆಯಲ್ಲಿ ವಡೆಗೆ ಕೈ ಅಡ್ಡ ಹಿಡಿದ. ಆ ಮನೆಯ ಮಗ ಗಾಬರಿಯಾಗಿ, ಎಲ್ಲಿ ತಪ್ಪಾಯಿತು ಎಂದು ಪುರೋಹಿತರನ್ನು ಕೇಳಿದ. ಮಾತಾಡಿ ಸಮಾಧಾನ ಹೇಳಲು ಇವನಿಗೆ ಬಾಯಿಲ್ಲ. ಕೈ ತೆಗೆದ. ವಡೆ ಬಿತ್ತು. ಇನ್ನೊಂದು ಬಿತ್ತು.

ಆ ಶನಿವಾರ ತೂಕ ಮತ್ತೆ ಏರಿತ್ತು. ಚಪ್ಪಾಳೆ ಇಲ್ಲ. ಎಲ್ಲರೂ ಕರುಣೆಯಿಂದ ನೋಡುವುದೊಂದು ಬಾಕಿ ಇತ್ತು, ಅದೂ ಆಯಿತು. ಉಲ್ಲಾಸ್ ಅವನನ್ನು ಹೊರಗೆ ಮೆಟ್ಟಿಲ ಹತ್ತಿರ ಕರೆದುಕೊಂಡು ಬಂದ.

"ಭಟ್ರೇ, ಬೇಜಾರು ಮಾಡ್ಬೇಡಿ. ನನ್ನ ಪುಡಿಯಲ್ಲೂ ಇಲ್ಲ, ನಿಮ್ಮ ಆ್ಯಪಲ್ಲೂ ಇಲ್ಲ ವಿಷಯ. ನೀವು ಈ ಕೆಲಸ ಬಿಡ್ಬೇಕು. ಬಿಟ್ರೆ ನಾನೂ ಬೇಡ."

ಹುಡುಗ ತನ್ನ ವ್ಯಾಪಾರಕ್ಕೆ ತಾನೇ ಕಲ್ಲು ಹಾಕಿಕೊಂಡು ಹೇಳಿದ ಮಾತು. ಅದಕ್ಕಾಗಿ ಅವನ ಸೂರ್ಯೋದಯಗಳನ್ನೆಲ್ಲ ನಾನು ಕ್ಷಮಿಸಿದ್ದೇನೆ.

ಬಿಡುವುದು ಸುಲಭವೇ? ಮನೆ ನಡೆಯುತ್ತಿದ್ದದ್ದೇ ಅದರಿಂದ. ಇರುವ ತುಂಡು ತೋಟದ ಅಡಕೆ ಸತ್ಯವತಿಯ ಔಷಧಿಗೆ ಸಾಲದು. ಉಂಡರೆ ಅವಳ ಔಷಧಿ, ಉಣ್ಣದಿದ್ದರೆ ಅವಳ ಕಿಡ್ನಿ. ಇಂಥ ಇಕ್ಕಳದಲ್ಲಿ ದೇವರು ಯಾವ ಲೆಕ್ಕ ಹಾಕಿ ಮನುಷ್ಯರನ್ನು ಇಡುತ್ತಾನೋ, ನನಗೆ ಸಿಟ್ಟು ಬರುತ್ತದೆ. ಕೊನೆಗೆ ತನ್ಮಯೀ ಓದು ನಿಲ್ಲಿಸಿ ಪುತ್ತೂರಿನ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದಳು. ಗೌರೀಶಂಕರ ತಿಥಿ ಬಿಟ್ಟ. ಹೇಳಿಕೆಗೆ ಬಂದವರಿಗೆಲ್ಲ ಕೈಮುಗಿದು ಇಲ್ಲ ಎಂದ. ಕೆಲವರು ಅರ್ಥಮಾಡಿಕೊಂಡರು. ಕೆಲವರು, "ಒಂದು ದಿನ ಉಂಡ್ರೆ ಎಂತಾಗ್ತದೆ?" ಎಂದರು. ಪ್ರತಿಯೊಬ್ಬರಿಗೂ ಅವರವರ ಅಪ್ಪನ ತಿಥಿ ವರ್ಷಕ್ಕೆ ಒಂದೇ ದಿನ.

ಪುಡಿ ಬಿಟ್ಟು ಮತ್ತೆ ಆ್ಯಪು ಹಿಡಿದ. ಈ ಸಲ ಲೆಕ್ಕ ಬರೆದದ್ದು ತನ್ಮಯೀ. ಫಲಾಹಾರ, ಪ್ರಸಾದ, ಬಾಯಿಗೆ ಹೋದದ್ದೆಲ್ಲ ಬಂತು. ತೂಕ ಇಳಿಯತೊಡಗಿತು. ಕುತ್ತಿಗೆಯ ರುದ್ರಾಕ್ಷಿ ಸರ ಸಡಿಲವಾಯಿತು. ಅಬೂಬಕರ್ ಪ್ರತಿ ಸಲವೂ ಅಂಕಿಯನ್ನು ಅಡಕೆಯ ಧಾರಣೆ ಕೂಗುವ ಹಾಗೆ ಕೂಗುತ್ತಿದ್ದರು. "ಧಾರಣೆ ಇಳಿದದ್ದಕ್ಕೆ ಖುಷಿಪಡುವ ಗಿರಾಕಿ ನೀವೊಬ್ರೇ ಭಟ್ರೇ" ಎನ್ನುತ್ತಿದ್ದರು.

ಆದರೆ ಸಂಜೆಗಳು ಕೆಟ್ಟವು. ಹೇಳಲು ಅವನಲ್ಲಿ ಏನೂ ಇಲ್ಲ. ಸತ್ಯವತಿ ಜಗಲಿಯಲ್ಲಿ ಸುಮ್ಮನೆ ಕೂತಿರುತ್ತಿದ್ದಳು. ಒಂದು ದಿನ ಅವಳೇ ಕೇಳಿದಳು.

"ಹಳೆಯದ್ದಾದ್ರೂ ಒಂದು ಹೇಳಿ. ಕೋಡಿಂಬಾಳದ ಆ ಅಮ್ಮನ ಮನೆಯದ್ದು."

ಹೇಳಿದ. ಮರುದಿನ ಇನ್ನೊಂದು ಮನೆಯದ್ದು. ಇದು ದಿನಚರಿಯಾಯಿತು. ಮಧ್ಯಾಹ್ನ ಒಂದು ಹಿಡಿ ಅನ್ನ, ನೀರುಮಜ್ಜಿಗೆ ಉಂಡ ಮನುಷ್ಯ ಸಂಜೆ ಕೂತು ತುಪ್ಪದ ಘಮ, ವಡೆಯ ಗರಿಗರಿ, ಕಾಯಿಹಾಲಿನ ದಪ್ಪ ಹೇಳಬೇಕು. ಹೊಟ್ಟೆ ಗುರುಗುಟ್ಟುವುದು ನನಗೇ ಕೇಳುತ್ತಿತ್ತು. ಒಮ್ಮೆ ನಡುವೆ ಎದ್ದು ಹೋಗಿ ಬಾವಿಕಟ್ಟೆಯ ಹತ್ತಿರ ನಿಂತ. ನಾನು ಹಿಂದೆ ಹೋದೆ.

"ಹೇಳುದು ನಿಲ್ಲಿಸು ಮಾರಾಯ. ಇದು ಹಿಂಸೆ."

"ಅವಳಿಗೆ ಅದೊಂದೇ ಉಂಟು ತಿರ್ಮಲಾ" ಎಂದ. ಮುಖ ತೊಳೆದುಕೊಂಡು ಬಂದು ಪಾಯಸದಿಂದ ಮುಂದುವರಿಸಿದ.

ದೀಪಾವಳಿ ಹತ್ತಿರ ಬಂತು. ಬುಧವಾರ ಆಸ್ಪತ್ರೆಗೆ ಹೋಗಬೇಕು. ಹಿಂದಿನ ಶನಿವಾರ ಅಬೂಬಕರರ ತಕ್ಕಡಿ ಎಂಬತ್ತೈದಕ್ಕೆ ಚೂರು ಮೇಲೆ ತೋರಿಸಿತು. ಇನ್ನು ಮೂರ್ನಾಲ್ಕು ದಿನ ಬಿಗಿಹಿಡಿದರೆ ಆಯಿತು. ಆ ಸಂಜೆಯೇ ವಿಷ್ಣುಪ್ರಸಾದ ಆಲೆಟ್ಟಿಯಿಂದ ಬಂದ. ಸೋಮವಾರ ಅವನ ಅಮ್ಮನ ತಿಥಿ. ಸತ್ಯವತಿಯ ಅಮ್ಮನೂ ಅವಳೇ ತಾನೆ. ಪಿತೃಸ್ಥಾನಕ್ಕೆ ಹೇಳಿದ್ದ ಭಟ್ಟರ ಮನೆಯಲ್ಲಿ ಹೆರಿಗೆಯಾಗಿ ಸೂತಕ ಬಂದಿತ್ತು. ಬೇರೆ ಯಾರೂ ಸಿಕ್ಕಲಿಲ್ಲ.

"ಅಳಿಯ ಕೂರಬಹುದು ಅಂತ ಶಾಸ್ತ್ರದಲ್ಲೇ ಉಂಟು ಭಾವ" ಎಂದ.

"ಬುಧವಾರದ ವಿಷಯ ನಿಂಗೆ ಗೊತ್ತುಂಟಲ್ಲ ವಿಷ್ಣು."

ವಿಷ್ಣುಪ್ರಸಾದ ಅಳುವುದನ್ನು ನಾನು ಕಂಡದ್ದು ಅದೇ ಮೊದಲು. ಹಿಂದೊಂದು ವರ್ಷ ಅಮ್ಮನ ತಿಥಿಗೆ ಕೂತವನು ಒಬ್ಬ ಹುಡುಗ ಭಟ್ಟನಂತೆ. ಗುಬ್ಬಿಯ ಹಾಗೆ ಹೆಕ್ಕಿ ಎಲೆ ಮಡಚಿದನಂತೆ. ಅದೇ ತಿಂಗಳಲ್ಲಿ ಅಕ್ಕನ ಕಿಡ್ನಿ ಹೋಯಿತು ಎಂದು ಡಾಕ್ಟರು ಹೇಳಿದ್ದು. "ಅಮ್ಮ ಹಸಿದು ಹೋಗಿದ್ದಾರೆ ಭಾವ. ಅದರದ್ದೇ ಇದು. ಈ ಸಲ ಅವರು ಹೊಟ್ಟೆ ತುಂಬ ಉಣ್ಣಬೇಕು. ನಿಮ್ಮ ಹಾಗೆ ಉಣ್ಣುವವರು ಯಾರಿದ್ದಾರೆ? ಅಕ್ಕನಿಗೋಸ್ಕರ."

ಡಾಕ್ಟರು ಅವಳಿಗೋಸ್ಕರ ಉಣ್ಣಬೇಡ ಎನ್ನುತ್ತಾರೆ. ತಮ್ಮ ಅವಳಿಗೋಸ್ಕರ ಉಣ್ಣು ಎನ್ನುತ್ತಾನೆ. ನನಗೆ ವಿಷ್ಣುವಿನ ಕೆನ್ನೆಗೆ ಬಾರಿಸುವಷ್ಟು ಕೋಪ ಬಂತು. ಆದರೆ ಒಳಗೆ ಎಲ್ಲೋ, ಅವನು ಹೇಳುವುದು ನಿಜವಾಗಿದ್ದರೆ ಎಂಬ ಹೆದರಿಕೆಯೂ ಇತ್ತು. ವರ್ಷಗಟ್ಟಲೆ ಆ ಎಲೆಗಳ ಮುಂದೆ ಕೂತವನು ನಾನು. ಗೌರೀಶಂಕರ ಹೆಂಡತಿಯ ಮುಖ ನೋಡಿದ.

"ಹೋಗಿ. ನಾನೂ ಬರ್ತೇನೆ" ಎಂದಳು ಸತ್ಯವತಿ. ಅಳುವ ತಮ್ಮನಿಗೆ ಅಕ್ಕ ಇನ್ನೇನು ಹೇಳಿಯಾಳು?

ಸೋಮವಾರ ಆಲೆಟ್ಟಿಯಲ್ಲಿ ಹೊತ್ತು ಇಳಿದ ಮೇಲೆ ಎಲೆ ಹಾಕಿದರು. ಗೌರೀಶಂಕರ ಅತ್ತೆಯಾಗಿ ಕೂತ. ವಿಷ್ಣುಪ್ರಸಾದ ಅವನ ಕಾಲು ತೊಳೆದು, ಆ ನೀರನ್ನು ತಲೆಗೆ ಹಾಕಿಕೊಂಡು, ತಾನೇ ಬಡಿಸಲು ನಿಂತ. ಒಳಬಾಗಿಲಲ್ಲಿ ಕುರ್ಚಿ ಹಾಕಿ ಸತ್ಯವತಿಯನ್ನು ಕೂರಿಸಿದ್ದರು. ಡಯಾಲಿಸಿಸ್ಸಿನ ಸೂಜಿ ಚುಚ್ಚಿ ಚುಚ್ಚಿ ಉಬ್ಬಿದ ಎಡಗೈಯನ್ನು ಮಡಿಲಲ್ಲಿ ಇಟ್ಟುಕೊಂಡಿದ್ದಳು.

ತಿಂಗಳುಗಟ್ಟಲೆಯ ಹಸಿವು ಎಂದರೆ ಏನು ಎಂದು ಆಗ ಕಂಡೆ. ತುಪ್ಪ ಬಿದ್ದ ಅನ್ನಕ್ಕೆ ಕೈ ಹಾಕಿದ. ಮೊದಲ ತುತ್ತಿಗೆ ಕಣ್ಣುಮುಚ್ಚಿದ. ವಡೆ ಎರಡು ತಿಂದ. ಸುಟ್ಟೇವು ಬಂತು, ತಿಂದ. ಎಳ್ಳುಂಡೆ ತಿಂದ. ಮತ್ತೆ ಅನ್ನ ಬಂದಾಗ ಕೈ ಅಡ್ಡ ಹಿಡಿದ. ವಿಷ್ಣು ಬಗ್ಗಿ, "ಅಕ್ಕನಿಗೋಸ್ಕರ ಭಾವ" ಎಂದು ಪಿಸುಗುಟ್ಟಿದ. ಕೈ ಸರಿಯಿತು. ಅನ್ನ ಬಿತ್ತು, ಅದರ ಮೇಲೆ ಮೇಲಾರ ಬಿತ್ತು. ಉಂಡ. ಮತ್ತೆ ವಡೆಯ ಪಾತ್ರೆ ಬಂತು. ಮತ್ತೆ ಕೈ ಅಡ್ಡ ಬಂತು, ಮತ್ತೆ ಅದೇ ಪಿಸುಮಾತು. ಅವನು ನನ್ನ ಕಡೆ ನೋಡಿದ. ಕಣ್ಣು ತುಂಬಿತ್ತು. ನಾನೂ ಎಲೆಯ ಮುಂದೆ ಕೂತವನು, ನನಗೂ ಬಾಯಿಲ್ಲ. ಎದ್ದುಹೋದರೆ ತಿಥಿ ಕೆಟ್ಟಿತು. ತುತ್ತು ಗಂಟಲಲ್ಲಿ ಹಾಗೇ ನಿಂತಿತು. ನಾವಿಬ್ಬರು ಗಂಡಸರು, ಒಬ್ಬ ಹೆಂಗಸಿನ ಜೀವದ ವಿಷಯ, ಒಂದು ಮಾತಿಗೆ ದಾರಿಯಿಲ್ಲ. ಅಷ್ಟು ಅಸಹಾಯನಾಗಿ ನಾನು ಯಾವತ್ತೂ ಉಂಡದ್ದಿಲ್ಲ.

ಪಾಯಸದ ದೊಡ್ಡ ಪಾತ್ರೆ ಹೊರಗೆ ಬಂತು. ಹೆಸರುಬೇಳೆ, ಬೆಲ್ಲ, ಕಾಯಿಹಾಲು. ಅವರ ಅಮ್ಮನಿಗೆ ಪ್ರೀತಿಯದ್ದು. ವಿಷ್ಣುಪ್ರಸಾದ ತುಂಬಿದ ಸೌಟು ಎತ್ತಿದ.

"ವಿಷ್ಣು, ಸಾಕು."

ಎಲ್ಲರೂ ತಿರುಗಿದರು. ಸತ್ಯವತಿ ಬಾಗಿಲ ಚೌಕಟ್ಟು ಹಿಡಿದು ಎದ್ದು ನಿಂತಿದ್ದಳು.

"ಅಕ್ಕ, ಈಗ ಮಾತಾಡ್ಲಿಕ್ಕಿಲ್ಲ" ಎಂದರು ಪುರೋಹಿತರು.

"ಅವರಿಗೆ ಮಾತಾಡ್ಲಿಕ್ಕಿಲ್ಲ. ನಾನು ಎಲೆಯ ಮುಂದೆ ಕೂತದ್ದಲ್ಲ." ಅವಳ ಸ್ವರ ಸಣ್ಣದು, ಆದರೆ ಎಲ್ಲರಿಗೂ ಕೇಳಿತು. "ಅಮ್ಮನಿಗೆ ಹೊಟ್ಟೆ ತುಂಬಿತು ವಿಷ್ಣು. ಇನ್ನು ಬಡಿಸ್ಬೇಡ."

"ಅದು ನಿಂಗೆ ಹೇಗೆ ಗೊತ್ತು ಅಕ್ಕ?"

"ನಾನು ಅಮ್ಮನ ಮಗಳು. ನನ್ನನ್ನು ಸಾಯಿಸಿ ಅಮ್ಮ ಪಾಯಸ ಉಣ್ಣುವವಳಲ್ಲ."

ಸೌಟು ಗಾಳಿಯಲ್ಲೇ ನಿಂತಿತ್ತು. ಪುರೋಹಿತರು ದರ್ಭೆಯನ್ನು ಬೆರಳಲ್ಲಿ ತಿರುಗಿಸುತ್ತಾ ಕೂತರು. ಕಡೆಗೆ ವಿಷ್ಣು ಸೌಟನ್ನು ಪಾತ್ರೆಗೆ ಮರಳಿ ಸುರಿದು, ತುಪ್ಪದ ಸಣ್ಣ ಚಮಚ ತೆಗೆದುಕೊಂಡು, ಅದರಲ್ಲಿ ಒಂದೇ ಒಂದು ಚಮಚ ಪಾಯಸ ಭಾವನ ಎಲೆಗೆ ಹಾಕಿದ. ನನ್ನ ಎಲೆಗೆ ಮಾತ್ರ ಸೌಟಿನಲ್ಲೇ ಬಡಿಸಿದ. ನಾನು ತಡೆಯಲಿಲ್ಲ. ಗಂಟಲಲ್ಲಿದ್ದದ್ದು ಕೆಳಗೆ ಇಳಿಯಲು ಏನಾದರೂ ಬೇಕಿತ್ತು.

ಊಟ ಮುಗಿಯಿತು. ವಿಷ್ಣುಪ್ರಸಾದ ಕೈಮುಗಿದು ಕೇಳಿದ, ತೃಪ್ತರಾದಿರಾ ಎಂದು. ಸಾವಿರ ಸಲ ಯಾಂತ್ರಿಕವಾಗಿ ಹೇಳಿದ ಉತ್ತರ. ಗೌರೀಶಂಕರ ಬಾಗಿಲ ಕಡೆ ನೋಡಿದ. ಸತ್ಯವತಿ ತಲೆಯಾಡಿಸಿದಳು. "ತೃಪ್ತಾಃ ಸ್ಮಃ" ಎಂದ. ಆ ಮಾತಿಗೆ ಅರ್ಥವಿದೆ ಎಂದು ನನಗೂ ಅಂದೇ ನೆನಪಾದದ್ದು.

ಆ ರಾತ್ರಿ ಅವನು ಅವಲಕ್ಕಿ ಮುಟ್ಟಲಿಲ್ಲವಂತೆ. ಮರುದಿನವೂ ಬರೀ ನೀರು. ನಮ್ಮವರಲ್ಲಿ ನಿಜವಾದ ಉಪವಾಸ ಮಾಡಿದವರ ಪೈಕಿ ಅವನೇ ಮೊದಲಿಗನಿರಬೇಕು.

ಬುಧವಾರ ಆಸ್ಪತ್ರೆಯ ಯಂತ್ರ ಎಂಬತ್ತೈದು ತೋರಿಸಿತು. ಒಂದು ಚೂರು ಹೆಚ್ಚಿಲ್ಲ, ಒಂದು ಚೂರು ಕಡಿಮೆಯಿಲ್ಲ. ಡಾಕ್ಟರು ಚಪ್ಪಾಳೆ ತಟ್ಟುವವರಲ್ಲ. ಇನ್ನಷ್ಟು ಪರೀಕ್ಷೆ ಬರೆದರು, ಕಮಿಟಿಯ ಒಪ್ಪಿಗೆ ಬೇಕು ಎಂದರು, ಅಷ್ಟರವರೆಗೆ ತೂಕ ಏರಲೇಬಾರದು ಎಂದರು. ಅಂದರೆ ಇಕ್ಕಳ ಇನ್ನೂ ಬಿಟ್ಟಿಲ್ಲ. ಕಾಯುವುದು, ಅಳೆಯುವುದು, ಹಸಿಯುವುದು ಎಲ್ಲ ಹಾಗೇ ಉಂಟು. ಆದರೆ ಇಲ್ಲ ಎನ್ನಲಿಲ್ಲ.

ವಾಪಸು ಬರುವಾಗ ಅವರಿಬ್ಬರೂ ಓಮ್ನಿಯ ಹಿಂದಿನ ಸೀಟಿನಲ್ಲಿದ್ದರು. ಮಾಣಿ ಪೇಟೆಯ ಹತ್ತಿರ ಬಂದಾಗ ಸತ್ಯವತಿ ಕೇಳಿದಳು.

"ಸೋಮವಾರದ್ದು ಹೇಳ್ಲೇ ಇಲ್ಲ ನೀವು. ಎಂತೆಲ್ಲ ಇತ್ತು?"

"ನೀನೇ ನೋಡಿದ್ದೀಯಲ್ಲ ಸತ್ಯ."

"ನೋಡಿದ್ರೆ ರುಚಿ ಗೊತ್ತಾಗ್ತದಾ? ಪಾಯಸ ಹೇಳಿ. ಅಮ್ಮನ ಹದ ಬಂದಿತ್ತಾ?"

"ಒಂದು ಚಮಚ ಅಲ್ವಾ ತಿಂದದ್ದು."

"ಆ ಒಂದು ಚಮಚವನ್ನೇ ಹೇಳಿ."

ಮಾಣಿಯಿಂದ ಕಬಕದವರೆಗೂ ಅವನು ಆ ಒಂದು ಚಮಚವನ್ನೇ ಹೇಳಿದ. ಬೇಳೆ ಹುರಿದ ಪರಿಮಳ, ಬೆಲ್ಲ ಕರಗಿದ ಹದ, ಕೊನೆಗೆ ನಾಲಿಗೆಯ ಬದಿಯಲ್ಲಿ ಉಳಿದ ಕಾಯಿಹಾಲು. ಅವಳು ಕಣ್ಣುಮುಚ್ಚಿ ಕೇಳುತ್ತಿದ್ದಳು. ನಾನು ಅದೇ ಪಾಯಸವನ್ನು ಮೂರು ಸೌಟು ಉಂಡವನು. ಅದರ ರುಚಿ ನನಗೆ ಗೊತ್ತಾದದ್ದು ಆ ದಾರಿಯಲ್ಲಿ.